ಸರ್ಕಾರಿ ಹಲಗೆಗೆ ನಾಲ್ಕು ತೂತು

ನಾನು ಬರೆದುಕೊಡಬೇಕಾದ ಮುಚ್ಚಳಿಕೆಯನ್ನು ಸರ್ಕಾರಿ ದಫ್ತರಿನ ಗುಮಾಸ್ತರಾದ ಪೇಶ್ಕಾರರು ಮೊದಲು ಉರ್ದುವಿನಲ್ಲಿ ಓದಿದರು, ಆಮೇಲೆ ಕನ್ನಡದಲ್ಲಿ ಅರ್ಥ ಬಿಡಿಸಿ ಹೇಳಿದರು. ಕ್ಯಾಮೆರಾ ಸರ್ಕಾರದ್ದು. ಅದರ ಲೆನ್ಸಿಗೆ ಗೀರು ಬಿದ್ದರೂ, ಚಕ್ಕೆ ಎದ್ದರೂ, ಒಡೆದರೂ ಹೊಣೆ ನನ್ನದು. ಹಾಗೇನಾದರೂ ಆದರೆ ನಾರಾಯಣಪೇಟೆಯ ನಮ್ಮ ಸ್ಟುಡಿಯೋದಲ್ಲಿರುವ ಸ್ವಂತ ಕ್ಯಾಮೆರಾವನ್ನು ಸರ್ಕಾರ ಜಪ್ತಿ ಮಾಡಿಕೊಳ್ಳುತ್ತದೆ. ಅದರ ಕೆಳಗೇ ಇನ್ನೊಂದು ಸಾಲು: ಸರ್ಕಾರಿ ಸಾಮಾನಿಗೆ ಏನನ್ನೂ ಜೋಡಿಸಕೂಡದು, ಅದರಲ್ಲಿ ಏನನ್ನೂ ಬದಲಿಸಕೂಡದು.

ಸಹಿ ಹಾಕುವ ಮೊದಲು ನಾನು ಪೆಟ್ಟಿಗೆ ತೆರೆಸಿ ನೋಡಿದೆ. ಚಿತ್ರ ಮೂಡಲು ಒಳಗೆ ಪ್ಲೇಟು ಹಾಕುವ ದೊಡ್ಡ ಕ್ಯಾಮೆರಾ, ಒಳ್ಳೆಯ ಕಟ್ಟಿಗೆ, ಒಳ್ಳೆಯ ಲೆನ್ಸು. ಆದರೆ ಲೆನ್ಸಿನ ಮುಂದಿನ ಗಾಜು ತನ್ನ ಸುತ್ತಲಿನ ಹಿತ್ತಾಳೆಯ ಬಳೆಗಿಂತ ತುಸು ಮುಂದಕ್ಕೇ ಉಬ್ಬಿಕೊಂಡಿತ್ತು. ಏನು ಬಡಿದರೂ ಮೊದಲ ಪೆಟ್ಟು ಗಾಜಿಗೇ.

"ಇದರ ಹುಡ್ ಎಲ್ಲೈತ್ರಿ?" ಎಂದು ಕೇಳಿದೆ.

"ಹುಡ್ ಅಂದ್ರ?"

"ಗಾಜಿನ ಮುಂದ ಹಾಕೋ ಕೊಳವಿರಿ. ಓರೆ ಬಿಸಲು ಒಳಗ ಬರದಂಗ ತಡೀತೈತಿ. ಏನರ ಬಡದ್ರ ಮೊದಲ ಪೆಟ್ಟು ಅದು ತಿಂತೈತಿ."

ಪೇಶ್ಕಾರರು ಯಾದಿಯ ಮೇಲೆ ಬೆರಳಾಡಿಸಿದರು. "ಕ್ಯಾಮೆರಾ ಒಂದು, ಮುಕ್ಕಾಲಿ ಒಂದು, ಕರೇ ಬಟ್ಟಿ ಒಂದು, ಲೆನ್ಸಿನ ಮುಚ್ಚಳ ಒಂದು. ಹುಡ್ ಅಂತ ಇಲ್ಲವ್ವ ತಂಗಿ. ಯಾದಿಯೊಳಗ ಇಲ್ಲದ್ದು ಬೇಕಾಗಿಲ್ಲ."

ಆಗ ಲಡಾಯಿ ಕಾಲ, ಎರಡನೇ ಮಹಾಯುದ್ಧ ನಡೆದಿತ್ತು. ಹೊರದೇಶದ ಗಾಜು ಹೈದರಾಬಾದಿನ ಅಂಗಡಿಗಳಿಗೂ ಬರುತ್ತಿರಲಿಲ್ಲ. ಇದಕ್ಕೂ ಮೊದಲು ಇದೇ ದಫ್ತರಿನ ಇನ್ನೊಂದು ಕ್ಯಾಮೆರಾ ಬೇರೊಬ್ಬ ಛಾಯಾಗ್ರಾಹಕರ ಕೈಯಲ್ಲಿ ಮುಕ್ಕಾಲಿ ಸಮೇತ ಬಿದ್ದು ಲೆನ್ಸು ಸೀಳಿತ್ತು. ಮುಚ್ಚಳಿಕೆ ಹುಟ್ಟಿದ್ದೇ ಆ ಕಾರಣಕ್ಕೆ. ಗಾಜನ್ನು ನಾನು ಕಾಯಬೇಕು, ಕಾಯುವ ಸಾಧನ ಮಾತ್ರ ಹಾಕಕೂಡದು. ಸಹಿ ಹಾಕುವಾಗಲೇ ನನ್ನ ತಲೆ ಬಿಸಿಯಾಗಿತ್ತು. ಆದರೂ ಹಾಕಿದೆ. ಅಪ್ಪನ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು, ಸ್ಟುಡಿಯೋಕ್ಕೆ ಬರುವವರು ಕಡಿಮೆಯಾಗಿದ್ದರು. ಈ ಕೆಲಸ ನನಗೆ ಬಂದದ್ದಾದರೂ ಯಾಕೆ? ಸರ್ಕಾರಕ್ಕೆ ನೇಕಾರರ ಮನೆಯ ಹೆಣ್ಣುಮಕ್ಕಳ ಕೆಲಸದ ಚಿತ್ರ ಬೇಕಿತ್ತು: ನೂಲು ಸುತ್ತುವುದು, ಮಗ್ಗದ ಉದ್ದೆಳೆಯಾದ ಹಾಸಿನ ನೂಲಿಗೆ ಗಂಜಿ ಹಾಕುವುದು, ಮಗ್ಗಕ್ಕೆ ಕೂರುವುದು. ಒಳಮನೆಗೆ ಪರಗಂಡಸರು ಬರುವುದು ಬೇಡ ಎಂದು ನೇಕಾರರು ಹೇಳಿಬಿಟ್ಟಿದ್ದರು. ಪ್ಲೇಟು ತೊಳೆಯುವುದರಿಂದ ಹಿಡಿದು ಚಿತ್ರ ತೆಗೆಯುವವರೆಗೆ ಎಲ್ಲ ಬಲ್ಲ ಹೆಂಗಸು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಅವರಿಗೆ ಸಿಕ್ಕಿದ್ದು. ನನ್ನ ಜೊತೆಗೆ ಅವ್ವನ ತಂಗಿ ಚಿಗವ್ವ ಬರುವುದೆಂದು ನಿಶ್ಚಯವಾಯಿತು. ಪ್ಲೇಟಿನ ಪೆಟ್ಟಿಗೆಯನ್ನು ಅವಳು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡೇ ಕೂರುತ್ತಿದ್ದಳು.

ಮನೆಗೆ ಬಂದವಳೇ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಬಿಚ್ಚಿ ಹಾಸಿದೆ. ನಮ್ಮ ಸ್ಟುಡಿಯೋದ ಕ್ಯಾಮೆರಾಕ್ಕೆ ಹುಡ್ ಇತ್ತು, ಆದರೆ ಅಳತೆ ಸಣ್ಣದು, ಇದಕ್ಕೆ ಕೂಡುತ್ತಿರಲಿಲ್ಲ. ತಗಡನ್ನು ಕೊಳವೆಯಾಗಿ ಸುತ್ತಿ ಬೆಸುಗೆ ಹಾಕಿಸಿದೆ. ಲೆನ್ಸಿನ ಬಳೆಯ ಮೇಲೆ ಬಿಗಿಯಾಗಿ ಕೂರಲೆಂದು ಒಳಗೆ ಮಖಮಲ್ಲಿನ ಪಟ್ಟಿ ಅಂಟಿಸಿದೆ. ದೀಪದ ಕಾಡಿಗೆಯನ್ನು ಅರಗಿನಲ್ಲಿ ಕಲಸಿ ಒಳಮೈಗೆ ಬಳಿದೆ. ಹೊಳಪು ಉಳಿದರೆ ಬೆಳಕು ಒಳಗೇ ಪುಟಿದು ಚಿತ್ರ ಮಂಕಾಗುತ್ತದೆ. ಬೀದಿಯ ಹೆಂಗಸರು ಅದನ್ನು ತುತ್ತೂರಿ ಎಂದರು. ಚಿಗವ್ವ ಟೊಪ್ಪಿಗಿ ಎಂದಳು. ಟೊಪ್ಪಿಗಿ ಎಂಬುದೇ ನಿಂತಿತು.

ಮೊದಲ ದಿನ ನಾರಾಯಣಪೇಟೆಯಲ್ಲೇ ಮೂರು ಪ್ಲೇಟು ಕೆಡಿಸಿದೆ. ಮೂರರ ಪ್ರಿಂಟಿನಲ್ಲೂ ನಾಲ್ಕು ಮೂಲೆ ಕಪ್ಪಾಗಿದ್ದವು. ಕೊಳವೆ ಉದ್ದವಾಗಿತ್ತು. ಪೇಶ್ಕಾರರು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು.

"ಇದೇನು ತಂಗೀ, ಬಾವಿಯೊಳಗಿಂದ ನೋಡಿದಂಗ ಐತಿ? ಆ ಡಬ್ಬಿ ತಗದು ಒಗಿ."

"ತಪ್ಪು ಡಬ್ಬೀದಲ್ರಿ, ನನ್ನ ಅಳತೀದು."

"ಲಡಾಯಿ ಕಾಲದಾಗ ಪ್ಲೇಟು ಎಲ್ಲಿ ಸಿಗ್ತಾವ? ಇನ್ನೊಂದು ಕೆಟ್ರ ನಾ ನಮ್ಮ ಮ್ಯಾಲಿನ ಅಧಿಕಾರಿ ಮುಹ್ತಮಿಮ್ ಸಾಹೇಬ್ರಿಗೆ ಬರೀತೀನಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಂದು ಮಧ್ಯಾಹ್ನ ಕ್ಯಾಮೆರಾವನ್ನು ಅಂಗಳದಲ್ಲಿ ನಿಲ್ಲಿಸಿ, ಬಿಂಬ ಮೂಡುವ ಹಿಂದಿನ ಮಸುಕು ಗಾಜನ್ನು ತೆಗೆದು, ಅದರ ಒಂದೊಂದು ಮೂಲೆ ಇರುವ ಜಾಗಕ್ಕೂ ಕಣ್ಣಿಟ್ಟು ಲೆನ್ಸಿನ ಕಡೆ ನೋಡಿದೆ. ಅಪ್ಪ ಕಲಿಸಿದ ರೀತಿ ಅದು. ಮೂಲೆಯಿಂದ ನೋಡಿದಾಗ ಲೆನ್ಸಿನ ಕಂಡಿ ಪೂರ್ತಿ ಗುಂಡಗೆ ಕಂಡರೆ ಹುಡ್ ಅಡ್ಡ ಬರುತ್ತಿಲ್ಲ ಎಂದು ಅರ್ಥ. ಬಾದಾಮಿಯ ಹಾಗೆ ಕಂಡರೆ ಅಡ್ಡ ಬಂದಿದೆ. ನನಗೆ ನಾಲ್ಕು ಕಡೆಯೂ ಬಾದಾಮಿಯೇ ಕಂಡಿತು. ಕತ್ತರಿಯಿಂದ ಒಂದು ನೂಲಿನಷ್ಟು ತಗಡು ತೆಗೆಯುವುದು, ಮತ್ತೆ ಕಣ್ಣಿಡುವುದು. ಸಂಜೆಯ ಹೊತ್ತಿಗೆ ನಾಲ್ಕೂ ಮೂಲೆಯಲ್ಲಿ ಗುಂಡಾಯಿತು. ಹುಡ್ ಎರಡು ಬೆರಳಿನಷ್ಟು ಉದ್ದ ಉಳಿದಿತ್ತು. ಆಮೇಲೆ ಮೂಲೆ ಕೆಟ್ಟ ಪ್ಲೇಟು ಒಂದೂ ಬರಲಿಲ್ಲ. ಪೇಶ್ಕಾರರು ಹೊಗಳಲಿಲ್ಲ, ತೆಗೆ ಎಂದೂ ಹೇಳಲಿಲ್ಲ.

ಪೆಟ್ರೋಲಿಲ್ಲದ್ದಕ್ಕೆ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಮಕ್ತಲ್‌ಗೆ ಹೋದೆವು. ಅಲ್ಲಿ ನೇಕಾರರ ಓಣಿಯಲ್ಲಿ ಬೆಳಿಗ್ಗೆ ಹಾಸಿನ ನೂಲನ್ನು ಉದ್ದಕ್ಕೆ ಹಿಡಿದು ಹೆಂಗಸರು ಗಂಜಿ ಹಚ್ಚುತ್ತಿದ್ದರು. ಬಿಸಿಲು ಏರಿದರೆ ನೂಲು ಒಣಗಿ ತುಂಡಾಗುತ್ತದೆ, ಅವರಿಗೆ ನಿಲ್ಲಲು ಪುರುಸೊತ್ತಿಲ್ಲ. ನಾನು ಓಣಿಯ ನಡುವೆ ಮುಕ್ಕಾಲಿ ಹೂಡಿ ಕರೀ ಬಟ್ಟೆಯೊಳಗೆ ತಲೆ ಹಾಕಿದ್ದೆ. ಮಸುಕು ಗಾಜಿನಲ್ಲಿ ಓಣಿ ತಲೆಕೆಳಗಾಗಿ ಕಾಣುತ್ತಿತ್ತು. ಬಿದಿರ ಗಳವೊಂದನ್ನು ಹೆಗಲ ಮೇಲೆ ಹೊತ್ತ ಹೆಂಗಸು ಯಾರೋ ಕರೆದರೆಂದು ಗಕ್ಕನೆ ತಿರುಗಿದಳು. ಗಳದ ತುದಿ ನೇರವಾಗಿ ಬಂದು ಹುಡ್ಡಿಗೆ ಬಡಿಯಿತು. ಕ್ಯಾಮೆರಾ ಹಿಂದಕ್ಕೆ ವಾಲಿ ನನ್ನ ಹಣೆಗೆ ಕುಟ್ಟಿತು. ಮುಕ್ಕಾಲಿ ಬೀಳದ ಹಾಗೆ ನಾನು ತಬ್ಬಿ ಹಿಡಿದೆ.

ತಲೆ ಹೊರಗೆ ತೆಗೆದು ನೋಡಿದರೆ ಹುಡ್ ಚಪ್ಪಟೆಯಾಗಿತ್ತು. ಅದರ ಹಿಂದಿನ ಅಂಚು ಮಖಮಲ್ಲನ್ನು ಹರಿದು ಲೆನ್ಸಿನ ಬಳೆಯನ್ನು ಕಚ್ಚಿ ಕೂತಿತ್ತು. ಗಾಜಿಗೂ ತಗಡಿನ ಅಂಚಿಗೂ ನಡುವೆ ಉಗುರಿನಷ್ಟು ಜಾಗ. ಎಳೆದರೆ ಬರದು, ಒತ್ತಿದರೆ ಗಾಜಿಗೇ ಹೋಗುತ್ತದೆ.

"ನೋಡಿದ್ಯಾ?" ಪೇಶ್ಕಾರರು ಓಣಿಯೇ ಕೇಳುವ ಹಾಗೆ ಹೇಳಿದರು. "ಆ ಡಬ್ಬಿ ಇರಲಿಲ್ಲಂದ್ರ ಇದು ಆಗ್ತಿರಲಿಲ್ಲ."

"ಆ ಡಬ್ಬಿ ಇರಲಿಲ್ಲಂದ್ರ ಬಿದಿರು ಗಾಜಿಗೇ ಬಡೀತಿತ್ರಿ."

"ವಾದ ಬ್ಯಾಡ. ಇನ್ ಮ್ಯಾಲೆ ಅದನ್ನ ಹಾಕಂಗಿಲ್ಲ. ಇದು ಹುಕುಂ."

"ಗಾಜು ಒಡದ್ರ ನೀವು ಹೊಣಿ ಆಗ್ತೀರೇನ್ರಿ? ಹಂಗಂತ ಬರದು ಕೊಡ್ರಿ, ಈಗ ತಗೀತೀನಿ."

ಅವರು ಓಣಿಯ ಆಚೆಗೆ ನಡೆದರು.

ಮಕ್ತಲ್ ಬಜಾರಿನಲ್ಲಿ ಕಂದೀಲು ರಿಪೇರಿ ಮಾಡುವ ತಗಡಿನ ಕೆಲಸದ ಚಾಚಾ ಒಬ್ಬರಿದ್ದರು. ಕ್ಯಾಮೆರಾ ಅವರ ಮುಂದಿಟ್ಟೆ. ನಾನು ಹತ್ತಿಯ ಮಡಿಕೆಯನ್ನು ಗಾಜಿನ ಮೇಲೆ ಒತ್ತಿ ಹಿಡಿದೆ, ಅವರು ಉಸಿರು ಬಿಗಿಹಿಡಿದು ಸಣ್ಣ ಕತ್ತರಿಯಿಂದ ತಗಡನ್ನು ಸೀಳಿ ಬಿಡಿಸಿದರು. ಗಾಜಿಗೆ ಏನೂ ಆಗಿರಲಿಲ್ಲ. ಬಳೆಯ ಮೇಲೆ ಮಾತ್ರ ಒಂದು ಗೆರೆ.

ಆ ಗೆರೆಯ ಮೇಲೆ ಬೆರಳಾಡಿಸಿದೆ. ಪೇಶ್ಕಾರರ ಮಾತಿನಲ್ಲಿ ಅರ್ಧ ನಿಜವಿತ್ತು. ಹುಡ್ ಪೆಟ್ಟು ತಿಂದಿತ್ತು, ಆದರೆ ತಿಂದದ್ದನ್ನೆಲ್ಲ ಲೆನ್ಸಿಗೇ ದಾಟಿಸಿತ್ತು. ಲೆನ್ಸಿನ ಮೇಲೆ ಕೂತ ಹುಡ್ ಮಾಡುವುದೇ ಅಷ್ಟು. ಪೆಟ್ಟು ಗಾಜಿನ ಕಡೆ ಹೋಗದೆ ಕಟ್ಟಿಗೆಗೆ ಹೋಗಬೇಕು ಎಂದರೆ ಹುಡ್ ಲೆನ್ಸನ್ನು ಮುಟ್ಟಲೇಬಾರದು. ಲೆನ್ಸು ಕೂತಿರುವ ಮುಂದಿನ ಹಲಗೆಗೆ ಅದನ್ನು ಬಿಗಿಯಬೇಕು. ಬಿಗಿಯಲು ತಿರುಪು ಮೊಳೆ ಬೇಕು. ತಿರುಪು ಮೊಳೆಗೆ ತೂತು ಬೇಕು. ಹಲಗೆ ಸರ್ಕಾರದ್ದು.

ಚಾಚಾ ನನ್ನ ಗೀಚುಚಿತ್ರ ನೋಡಿ ಗಡ್ಡ ನೀವಿಕೊಂಡರು. "ಟೋಪಿ ಬನಾತೂಂ ಬೇಟಿ, ಮಾಡಿ ಕೊಡ್ತೀನಿ. ಆದ್ರ ಸರ್ಕಾರಿ ಲಕಡಿಗೆ ಛೇದ ನಾ ಹಾಕಂಗಿಲ್ಲ. ನಾಳೆ ನನ್ನ ಕರಕೊಂಡು ಹೋಗ್ತಾರ."

"ತೂತು ನಾ ಹಾಕ್ತೀನಿ ಚಾಚಾ. ಬೈರಿಗಿ ಕೊಡ್ರಿ."

ಚಿಗವ್ವ ನನ್ನ ಮೊಣಕೈ ಹಿಡಿದಳು. "ಯವ್ವಾ, ಬರದು ಕೊಟ್ಟೀದಿ. ಏನನ್ನೂ ಬದಲಿ ಮಾಡಂಗಿಲ್ಲಂತ."

"ಗಾಜು ಕಾಯ್ತೀನಂತನೂ ಬರದು ಕೊಟ್ಟೀನಿ ಚಿಗವ್ವ. ಎರಡೂ ಮಾತು ನಡಸಾಕ ಆಗಂಗಿಲ್ಲ. ಯಾವುದರ ಒಂದು ಮುರೀಬೇಕು."

ಅವಳು ಕೈ ಬಿಟ್ಟಳು. ಹಾಗೇ ಸೆರಗು ಸೊಂಟಕ್ಕೆ ಸಿಗಿಸಿ ಹಲಗೆಯನ್ನು ಒತ್ತಿ ಹಿಡಿಯಲು ಕೂತಳು.

ಲೆನ್ಸನ್ನು ತಿರುಗಿಸಿ ಹೊರತೆಗೆದು ಮೆತ್ತನೆ ಬಟ್ಟೆಯಲ್ಲಿ ಸುತ್ತಿದೆ. ಹಲಗೆಯನ್ನು ಕ್ಯಾಮೆರಾದಿಂದ ಬಿಚ್ಚಿದೆ. ಮೂಲೆಗೊಂದರಂತೆ ನಾಲ್ಕು ಗುರುತು ಹಾಕಿ ಬೈರಿಗೆ ತಿರುವಿದೆ. ಮೊದಲ ತೂತಿನ ಹೊಟ್ಟು ಊದಿ ತೆಗೆದು ಎರಡನೆಯದಕ್ಕೆ ಹೋದೆ. ಹಲಗೆಯ ಅರ್ಧ ದಪ್ಪಕ್ಕೇ ನಿಲ್ಲಿಸಬೇಕೆಂದಿದ್ದೆ, ಒಂದು ಮಾತ್ರ ಆಚೆಗೆ ಹಾಯ್ದುಬಿಟ್ಟಿತು. ಚಾಚಾ ಹೊಸ ಹುಡ್ಡನ್ನು ದಪ್ಪ ತಗಡಿನಲ್ಲಿ ಮಾಡಿದರು. ಬುಡಕ್ಕೆ ಅಗಲವಾದ ಅಂಚು, ಅಂಚಿಗೆ ತಿರುಪು ಹಾಕಲು ನಾಲ್ಕು ಕಿವಿ, ಬಾಯಿಗೆ ಬೇರೆ ಮುಚ್ಚಳ. ಇನ್ನು ಮೇಲೆ ಲೆನ್ಸಿನ ಮುಚ್ಚಳದ ಬದಲು ಹುಡ್ಡಿನ ಮುಚ್ಚಳ ತೆಗೆದು ಹಾಕಿಯೇ ಬೆಳಕು ಬಿಡಬೇಕು. ಹುಡ್ಡಿಗೂ ಲೆನ್ಸಿನ ಬಳೆಗೂ ನಡುವೆ ಸುತ್ತಲೂ ಕಿರುಬೆರಳು ಆಡುವಷ್ಟು ಜಾಗ ಬಿಟ್ಟೆವು. ಎಲ್ಲ ಕೂಡಿಸಿದ ಮೇಲೆ ಕ್ಯಾಮೆರಾವನ್ನು ಬಿಸಿಲಿಗಿಟ್ಟು, ಮುಚ್ಚಳ ಹಾಕಿ, ಹಿಂದಿನಿಂದ ಬಟ್ಟೆಯೊಳಗೆ ತಲೆ ಹಾಕಿ ಒಳಗಿನ ಕತ್ತಲೆಗೆ ಕಣ್ಣು ಹೊಂದುವವರೆಗೆ ಕಾದೆ. ಸಾಸಿವೆ ಕಾಳಿನಷ್ಟು ಬೆಳಕು ಒಂದು ಕಡೆ ಮಿನುಗಿತು. ಹಾಯ್ದುಹೋದ ತೂತು ಅದು. ಅರಗು ಕರಗಿಸಿ ಮುಚ್ಚಿದೆ. ಮತ್ತೆ ನೋಡಿದೆ. ಕತ್ತಲೆ.

ಪೇಶ್ಕಾರರು ಮರುದಿನ ಬೆಳಿಗ್ಗೆ ಅದನ್ನು ಕಂಡು ನಿಂತಲ್ಲೇ ನಿಂತರು.

"ಸರ್ಕಾರಿ ಹಲಗಿಗೆ ತೂತು ಹಾಕೀದಿ?"

"ಹೌದ್ರಿ. ನಾಲ್ಕು."

"ಯಾರ ಪರವಾನಗಿ?"

"ಗಾಜಿನ ಜವಾಬ್ದಾರಿ ನಂದು ಅಂದ್ರ, ಗಾಜು ಕಾಯೋ ಹಕ್ಕೂ ನಂದೇರಿ. ಬಿಚ್ಚು ಅಂದ್ರ ನಾ ಬಿಚ್ಚಂಗಿಲ್ಲ. ನೀವು ಬಿಚ್ಚಿಸಿದ್ರ ನಾ ಚಿತ್ರ ತಗಿಯಂಗಿಲ್ಲ. ಮುಂದಿನ ಊರು ಗದ್ವಾಲದ ಚಿತ್ರ ನೀವ ತಗೀರಿ."

ಗದ್ವಾಲದ ಹೊಸ ಮಗ್ಗದ ಚಿತ್ರವಿಲ್ಲದೆ ಅವರು ಮೇಲಿನವರ ಮುಂದೆ ನಿಲ್ಲುವಂತಿರಲಿಲ್ಲ. ಡೈರಿ ತೆಗೆದು ಏನೋ ಬರೆದುಕೊಂಡರು. ಎತ್ತಿನ ಬಂಡಿ ಹತ್ತಿದೆವು. ಜೂರಾಲದ ಹತ್ತಿರದ ರೇವಿನಲ್ಲಿ ಪುಟ್ಟಿ ಎಂಬ ತೊಗಲಿನ ಹರಿಗೋಲು ಕೃಷ್ಣೆಯಲ್ಲಿ ಗಿರಗಿರ ತಿರುಗುವಾಗ ಚಿಗವ್ವ ಪ್ಲೇಟಿನ ಪೆಟ್ಟಿಗೆ ತಬ್ಬಿದ್ದಳು, ನಾನು ಕ್ಯಾಮೆರಾ. ಪೇಶ್ಕಾರರು ಎದುರಿಗೆ ಕೂತು ನನ್ನತ್ತ ನೋಡದೆ ನೀರು ನೋಡುತ್ತಿದ್ದರು.

ಗದ್ವಾಲದಲ್ಲಿ ನಾವು ಹೋದ ಮನೆಯಲ್ಲಿ ಹಗ್ಗ ಎಳೆದರೆ ಲಾಳಿ ತಾನೇ ಓಡುವ ಹೊಸ ಬಗೆಯ ಮಗ್ಗ ಹಾಕಿದ್ದರು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದವಳು ಆ ಮನೆಯ ಸೊಸೆ. ಗಂಡ ವ್ಯಾಪಾರಕ್ಕೆ ಐಜದ ಕಡೆ ತಿರುಗುತ್ತಿದ್ದ, ಮಗ್ಗ ಇವಳದು. ಅತ್ತೆ ಪಕ್ಕದಲ್ಲಿ ರಾಟೆ ಹಿಡಿದು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ದಫ್ತರಿಗೆ ಬಹಳವಾಗಿ ಬೇಕಿದ್ದದ್ದು ಇದೇ ಚಿತ್ರ. ಪೇಶ್ಕಾರರು ಒಳಗೆ ಬರದೆ ಬಾಗಿಲಲ್ಲಿ ನಿಂತು ಹೇಳಿದರು: ಮಗ್ಗದ ಬದಿಯಿಂದ ತೆಗೆಯಬೇಕು, ಲಾಳಿ ಬಂದು ನಿಲ್ಲುವ ಮನೆಯೂ ಕಾಣಬೇಕು, ಹೆಂಗಸಿನ ಕೈಯೂ ಕಾಣಬೇಕು.

"ಬದಿಗೆ ನಿಂತ್ರ ಲಾಳಿ ಹಾರೋ ದಾರಿಯೊಳಗ ಬರ್ತೀವಲ್ರಿ," ಎಂದೆ.

ಸೊಸೆ ನಕ್ಕಳು. "ನನ್ನ ಲಾಳಿ ಹಾರಂಗಿಲ್ಲಕ್ಕ. ಮೂರು ತಿಂಗಳಾತು, ಒಮ್ಮೆನೂ ಹಾರಿಲ್ಲ."

ಬೇರೆ ಕಡೆ ಕಿಟಕಿಯ ಬೆಳಕಿರಲಿಲ್ಲ. ಅಲ್ಲೇ ಹೂಡಿದೆ. ಮುಚ್ಚಳ ತೆಗೆಯುವ ಹೊತ್ತಿಗೆ ಕೈ ನಿಲ್ಲಿಸಬೇಕು, ನಾನು ಎರಡು ಎಣಿಸುವವರೆಗೆ ಅಲುಗಬಾರದು ಎಂದು ಅವಳಿಗೆ ಹೇಳಿದೆ. ಬಾಗಿಲಿನಿಂದ ಪೇಶ್ಕಾರರು ಕೂಗಿದರು, "ನೇಯ್ತಾ ಇರಲಿ, ತಂಗೀ ಹೇಳೋತನಕ ನೇಯ್ತಾ ಇರಲಿ, ಇಲ್ಲಂದ್ರ ಗೊಂಬಿ ಕುಂತಂಗ ಕಾಣ್ತೈತಿ." ಅವಳು ನೇಯುತ್ತಿದ್ದಳು. ನಾನು "ನಿಲ್ಲಸು" ಎಂದು ಮುಚ್ಚಳ ಎತ್ತಿದೆ. ಅವಳು ಗಾಬರಿಯಲ್ಲಿ ಹಗ್ಗವನ್ನು ಅರ್ಧಕ್ಕೇ ಜಗ್ಗಿ ಬಿಟ್ಟಳು. ಹಾಸಿನ ನೂಲುಗಳ ನಡುವೆ ಲಾಳಿ ಹಾಯುವ ದಾರಿ ಇನ್ನೂ ಪೂರ್ತಿ ತೆರೆದಿರಲಿಲ್ಲ. ಕಬ್ಬಿಣದ ಮೂಗಿನ ಲಾಳಿ ನೂಲಿಗೆ ತಾಗಿ ಮೇಲೆದ್ದಿತು.

ಅದು ಬಂದದ್ದು ನನಗೆ ಕಾಣಲಿಲ್ಲ. ತಗಡಿಗೆ ಬಡಿದ ಸದ್ದು ಮಾತ್ರ ಕೇಳಿತು, ಆಮೇಲೆ ಕಟ್ಟಿಗೆ ಚಟ್ ಎಂದದ್ದು. ಲಾಳಿ ನೆಲದ ಮೇಲೆ ಉರುಳಿ ಗೋಡೆಗೆ ಹೋಗಿ ನಿಂತಿತು.

"ಅಯ್ಯಯ್ಯೋ, ಎಂತ ಪನಿ ಅಯಿಂದಿ!" ಎಂಥ ಕೆಲಸವಾಯಿತು ಎಂದು ಅತ್ತೆ ತೆಲುಗಿನಲ್ಲಿ ಬಾಯಿ ಬಡಿದುಕೊಂಡಳು. ಸೊಸೆ ಕುಣಿಯಿಂದ ಮೇಲೆ ಬರಲಾರದೆ ಮುಖ ಮುಚ್ಚಿಕೊಂಡಿದ್ದಳು. "ಅಕ್ಕಾ, ನಾ ಬೇಕಂತ ಮಾಡಿಲ್ಲ, ಆಣಿ ಮಾಡ್ತೀನಿ."

ನಾಲ್ಕು ತಿರುಪು ಬಿಚ್ಚಿ ಹುಡ್ ತೆಗೆದೆ. ಹುಡ್ಡಿನ ಎಡ ಮಗ್ಗುಲು ಒಳಗೆ ತಗ್ಗಿತ್ತು, ಆದರೂ ಲೆನ್ಸಿನ ಬಳೆಯನ್ನು ಮುಟ್ಟಿರಲಿಲ್ಲ. ಭೂತಗನ್ನಡಿ ಹಿಡಿದು ಗಾಜನ್ನು ಅಂಚಿನಿಂದ ಅಂಚಿಗೆ ನೋಡಿದೆ. ಒಂದು ಕೂದಲೆಳೆಯ ಗೀರೂ ಇರಲಿಲ್ಲ. ಹಲಗೆಯಲ್ಲಿ ಮಾತ್ರ, ನಾನು ಹಾಕಿದ ಒಂದು ತೂತಿನಿಂದ ಅಂಚಿನವರೆಗೆ, ಸಣ್ಣ ಸೀಳು ಹೋಗಿತ್ತು. ಪೆಟ್ಟು ಕಟ್ಟಿಗೆಗೆ ಹೋಗಲಿ ಎಂದಿದ್ದೆ. ಅಲ್ಲಿಗೇ ಹೋಗಿತ್ತು.

"ಗಾಜು ಛಲೋ ಐತಿ," ಎಂದೆ. "ಅಳಬ್ಯಾಡ. ನಿನ್ನ ಲಾಳಿಗೆ ಏನಾಗೇತಿ ನೋಡು."

ಪೇಶ್ಕಾರರು ಹೊಸ್ತಿಲ ಮೇಲೆ ಕೂತುಬಿಟ್ಟಿದ್ದರು. ಪೇಟ ಕೈಯಲ್ಲಿತ್ತು. "ಖರೇನ ಏನೂ ಆಗಿಲ್ಲೇನವ್ವ?" ಎಂದು ಎರಡು ಸಲ ಕೇಳಿದರು.

ತಗ್ಗಿದ ಮಗ್ಗುಲು ಹಾಗೇ ಬಿಟ್ಟರೆ ಚಿತ್ರದ ಎಡಭಾಗ ಕತ್ತಲಾಗುತ್ತಿತ್ತು. ಅತ್ತೆ ಲಟ್ಟಣಿಗೆ ತಂದಳು. ಅದನ್ನು ಹುಡ್ಡಿನೊಳಗೆ ತೂರಿಸಿ, ಮೊಣಕಾಲ ಮೇಲಿಟ್ಟು ಮೆಲ್ಲಗೆ ಒತ್ತಿ ಹೊರಕ್ಕೆ ತಂದೆವು. ಸೊಟ್ಟವಾಗಿಯೇ ಉಳಿಯಿತು, ಆದರೆ ಮೂಲೆಯಿಂದ ನೋಡಿದರೆ ಕಂಡಿ ಗುಂಡಗೆ ಕಂಡಿತು. ಸೀಳಿಗೆ ಅರಗು ತುಂಬಿದೆ. ಅದೇ ಜಾಗ, ಅದೇ ಬೆಳಕು, ಹೊಸ ಪ್ಲೇಟು. ಈ ಸಲ ಅವಳು ಮೊದಲು ಕೈ ನಿಲ್ಲಿಸಿದಳು, ಆಮೇಲೆ ನಾನು ಮುಚ್ಚಳ ತೆಗೆದೆ. ಚಿತ್ರದಲ್ಲಿ ಅವಳ ಕಣ್ಣು ಇನ್ನೂ ಒದ್ದೆಯಾಗಿರುವುದು ಕಾಣುತ್ತದೆ.

ನಾರಾಯಣಪೇಟೆಗೆ ಮರಳಿ, ಪ್ಲೇಟುಗಳನ್ನೆಲ್ಲ ತೊಳೆದು ಒಣಗಿಸಿ, ಕ್ಯಾಮೆರಾದೊಂದಿಗೆ ಮುಹ್ತಮಿಮ್ ಸಾಹೇಬರ ಮುಂದಿಟ್ಟೆ. ಅವರು ಊರಿಗೆ ಕ್ಯಾಂಪಿಗೆಂದು ಬಂದಿದ್ದರು. ಚಿತ್ರಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ ಹುಡ್ ನೋಡಿದರು, ತೂತು ನೋಡಿದರು, ಸೀಳು ನೋಡಿದರು. ಪೇಶ್ಕಾರರ ಡೈರಿ ಅವರ ಮೇಜಿನ ಮೇಲೆ ತೆರೆದಿತ್ತು. ಬಿಳೀ ಕಾಗದವೊಂದನ್ನು ನನ್ನ ಕಡೆ ಸರಿಸಿದರು.

"ಮಾಫಿನಾಮಾ ಲಿಖೋ." ಸರ್ಕಾರಿ ಸಾಮಾನು ಕೆಡಿಸಿದ್ದಕ್ಕೆ ಕ್ಷಮೆ ಕೇಳಿ ಬರೆದರೆ ಮುಚ್ಚಳಿಕೆ ವಾಪಸು, ಇಲ್ಲವಾದರೆ ಇಲ್ಲ ಎಂದರು.

"ಬರೆಯಂಗಿಲ್ರಿ ಸಾಹೇಬ್ರ," ಎಂದೆ. ಪೇಶ್ಕಾರರು ಅದನ್ನು ಉರ್ದುವಿನಲ್ಲಿ ಹೇಳಲು ತಡವರಿಸಿದರು. ಹೇಳುವ ಅಗತ್ಯವಿರಲಿಲ್ಲ, ಸಾಹೇಬರಿಗೆ ಅರ್ಥವಾಗಿತ್ತು.

"ಮುಚ್ಚಳಿಕಿಯೊಳಗ ಗಾಜಿನ ಮಾತೈತ್ರಿ. ಗಾಜು ಕೆಟ್ರ ನಮ್ಮ ಕ್ಯಾಮೆರಾ ಜಪ್ತಿ. ಗಾಜು ನಿಮ್ಮ ಮುಂದ ಐತಿ, ನೋಡ್ರಿ. ಕೆಟ್ಟೈತಿ ಅನ್ನಂಗಿದ್ರ ಹಂಗಂತ ಬರೀರಿ. ಹಲಗಿ ಸೀಳಿದ್ದು ಖರೆ, ಸೀಳಿಸಿದಾಕಿ ನಾನ. ಹಲಗಿ ನಮ್ಮೂರ ಬಡಿಗ್ಯಾರು ಮಾಡಿ ಕೊಡ್ತಾರ. ಈ ಗಾಜು ಯಾರು ಮಾಡಿ ಕೊಡ್ತಾರ್ರಿ?"

ಅವರು ಎದ್ದು ಲೆನ್ಸನ್ನು ಹಲಗೆಯ ಸಮೇತ ಬಿಚ್ಚಿಸಿಕೊಂಡು ಕಿಟಕಿಯ ಬಳಿಗೆ ಹೋದರು. ಬೆಳಕಿಗೆ ಹಿಡಿದರು, ಓರೆ ಮಾಡಿದರು, ತಿರುಗಿಸಿದರು. ತಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮೇಜಿಗೆ ಬಂದವರು ಮುಚ್ಚಳಿಕೆಯನ್ನು ಕಡತದಿಂದ ಕಿತ್ತು ನನ್ನ ಮುಂದೆ ಹಾಕಿದರು. ಆಮೇಲೆ, ಇನ್ನು ಮುಂದೆ ಈ ಹೆಂಗಸಿಗೆ ಕೆಲಸವಿಲ್ಲ, ಯಾದಿಯಿಂದ ಹೆಸರು ಹೊಡೆದುಹಾಕು ಎಂದು ಪೇಶ್ಕಾರರಿಗೆ ಹೇಳಿ ಒಳಕೋಣೆಗೆ ಹೋದರು.

ನಾನು ಹುಡ್ಡಿನ ತಿರುಪು ಬಿಚ್ಚಲು ಶುರುಮಾಡಿದೆ. ಪೇಶ್ಕಾರರು ಬಗ್ಗಿ ದನಿ ತಗ್ಗಿಸಿದರು.

"ತಂಗೀ, ಅದು ಅಲ್ಲೇ ಇರಲಿ. ಮುಂದಿನ ವಾರ ಕೊಡಂಗಲ್ ಕ್ಯಾಂಪ್ ಐತಿ. ಈ ಸಲ ಮುಚ್ಚಳಿಕಿ ನನ್ನ ಹೆಸರಿಗೆ ಬರಸ್ಯಾರ."

ನನಗೆ ನಗು ಬಂತು, ತಡೆದುಕೊಂಡೆ. "ತೂತು ಸರ್ಕಾರದ್ದು, ಇಟ್ಕೊಳ್ರಿ. ಟೊಪ್ಪಿಗಿ ನಂದು."

ಅವರ ಮುಖ ಬಾಡಿತು. ಹುಡ್ ಬಿಚ್ಚಿಕೊಂಡು ಹೋಗಲೆಂದು ಎದ್ದವಳು ಮತ್ತೆ ಕೂತೆ. ಮಾಫಿನಾಮೆಗೆಂದು ಕೊಟ್ಟ ಬಿಳೀ ಕಾಗದ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಅದರ ಮೇಲೆ ಹುಡ್ಡನ್ನು ಬೋರಲು ಇಟ್ಟು ಪೆನ್ಸಿಲಿನಿಂದ ಸುತ್ತಲೂ ಗೆರೆ ಎಳೆದೆ, ನಾಲ್ಕು ಕಿವಿಯ ಜಾಗ ಗುರುತು ಹಾಕಿದೆ, ಉದ್ದ ಬರೆದೆ, ಮಕ್ತಲ್ ಬಜಾರಿನಲ್ಲಿ ಚಾಚಾನ ಅಂಗಡಿ ಎಲ್ಲಿದೆ ಎಂದು ಬರೆದೆ. ಕೆಳಗೆ ಕನ್ನಡದಲ್ಲಿ ನನ್ನ ಸಹಿ ಹಾಕಿ ಅವರ ಕೈಗೆ ಕೊಟ್ಟೆ.